ಮೂರು ಪಿನ್ ಕೋಡುಗಳು, ಮೂರು ಸ್ವಭಾವಗಳು: ದೊಡ್ಡ ಸಂಖ್ಯೆಯೊಂದನ್ನು ಕೈಲೆಕ್ಕದಲ್ಲಿ ಪರೀಕ್ಷಿಸುವ ಕ್ರಮ

ದೊಡ್ಡ ಪೂರ್ಣ ಸಂಖ್ಯೆಯೊಂದು ಎದುರಿಗೆ ಬಂದಾಗ ಅದು ಅವಿಭಾಜ್ಯವೋ ಅಲ್ಲವೋ, ಅಲ್ಲವಾದರೆ ಅದರ ಅಪವರ್ತನಗಳು ಯಾವುವು, ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಕಾಗದ, ಪೆನ್ಸಿಲುಗಳಿಂದಲೇ ಉತ್ತರ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗೆಂದು ಎಲ್ಲಿಂದಲೋ ಸಂಖ್ಯೆಗಳನ್ನು ತರುವ ಬದಲು ನಮ್ಮ ಕಡೆಯವರು ದಿನವೂ ಬರೆಯುವ ಮೂರು ಸಂಖ್ಯೆಗಳನ್ನು ಆರಿಸಿಕೊಂಡಿದ್ದೇನೆ: ದಾವಣಗೆರೆಯ 577001, ಚಿತ್ರದುರ್ಗದ 577501 ಮತ್ತು ಹರಿಹರದ 577601. ಪಿನ್ ಕೋಡ್ ಎಂಬುದು 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಜಾರಿಗೆ ತಂದ ವಿಳಾಸದ ಗುರುತೇ ಹೊರತು ಏನನ್ನೋ ಎಣಿಸಿ ಬಂದ ಮೊತ್ತವಲ್ಲ. ಅದರ ಮೊದಲ ಮೂರು ಅಂಕಗಳು ಪತ್ರ ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಅಂಕಗಳು ಬಟವಾಡೆಯ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಅದು ಅವಿಭಾಜ್ಯವಾದರೂ ಆಗದಿದ್ದರೂ ಪತ್ರ ಬರುವ ದಿನ ಬದಲಾಗದು. ಆದರೆ ಆರು ಅಂಕಗಳ ಸಂಖ್ಯೆ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಗಾತ್ರದ್ದು: ನೋಡಿದ ಕೂಡಲೇ ಉತ್ತರ ಹೊಳೆಯುವಷ್ಟು ಚಿಕ್ಕದಲ್ಲ, ಒಂದೆರಡು ಸಂಜೆಗಳಲ್ಲಿ ಮುಗಿಯದಷ್ಟು ದೊಡ್ಡದೂ ಅಲ್ಲ.

ಸಂಖ್ಯೆಯನ್ನು ಕಂಡೊಡನೆ ಭಾಗಾಕಾರಕ್ಕೆ ಕೈಹಾಕುವುದು ಹೆಚ್ಚಿನವರ ರೂಢಿ. ಅದಕ್ಕೂ ಮೊದಲು ಎಲ್ಲಿಯವರೆಗೆ ಭಾಗಿಸಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅವೆರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಏಕೆಂದರೆ ಆಗ ಗುಣಲಬ್ಧವು ಸಂಖ್ಯೆಯನ್ನೇ ಮೀರಿಬಿಡುತ್ತದೆ. ಆದ್ದರಿಂದ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ 760ರ ವರ್ಗ 577600 ಎಂಬುದನ್ನು ಗಮನಿಸಿದರೆ ಮೂರೂ ಸಂಖ್ಯೆಗಳ ವರ್ಗಮೂಲ ಒಂದೇ ಏಟಿಗೆ ಸಿಗುತ್ತದೆ. ದಾವಣಗೆರೆ, ಚಿತ್ರದುರ್ಗಗಳ ಸಂಖ್ಯೆಗಳು ಈ ವರ್ಗಕ್ಕಿಂತ ತುಸು ಕೆಳಗಿವೆ, ಹರಿಹರದ್ದು ಸರಿಯಾಗಿ ಒಂದರಷ್ಟು ಮೇಲಿದೆ. ಈ ಒಂದು ಮುಂದೆ ನಮ್ಮ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಉಳಿಸಲಿದೆ. 760ರೊಳಗಿನ ಕೊನೆಯ ಅವಿಭಾಜ್ಯ 757. 2ರಿಂದ ಅಲ್ಲಿಯವರೆಗೆ ಒಟ್ಟು 134 ಅವಿಭಾಜ್ಯಗಳಿವೆ.

ಈ 134ರ ಪಟ್ಟಿ ಕೈಯಲ್ಲಿಲ್ಲದವರು ಎರಟೋಸ್ತನೀಸನ ಜರಡಿಯಿಂದ ಅದನ್ನು ತಾವೇ ತಯಾರಿಸಿಕೊಳ್ಳಬಹುದು. ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳನ್ನು ಜರಡಿಯಲ್ಲಿ ಕೆಳಗಿಳಿಸಿ ಮಂಡಕ್ಕಿಯನ್ನು ಮೇಲುಳಿಸಿಕೊಳ್ಳುವುದನ್ನು ಕಂಡಿರುವ ದಾವಣಗೆರೆಯವರಿಗೆ ಈ ಕ್ರಮವನ್ನು ಹೆಚ್ಚು ವಿವರಿಸಬೇಕಿಲ್ಲ. ಚೌಕದ ಗೆರೆಗಳಿರುವ ಲೆಕ್ಕದ ಪುಸ್ತಕದಲ್ಲಿ 1ರಿಂದ 760ರವರೆಗಿನ ಸಂಖ್ಯೆಗಳನ್ನು ಸಾಲಿಗೆ ಆರರಂತೆ ಬರೆದು 1ನ್ನು ಅಳಿಸಬೇಕು. 2, 3, 5, 7, 11, 13, 17, 19, 23 ಈ ಒಂಬತ್ತನ್ನು ಉಳಿಸಿಕೊಂಡು ಅವುಗಳ ಅಪವರ್ತ್ಯಗಳನ್ನೆಲ್ಲ ಹೊಡೆದುಹಾಕಬೇಕು. ಮುಂದಿನ ಅವಿಭಾಜ್ಯವಾದ 29ರ ವರ್ಗ 841 ಆಗಿ 760ನ್ನು ದಾಟುವುದರಿಂದ ಜರಡಿ ಅಲ್ಲಿಗೆ ಮುಗಿಯಿತು. ಸಾಲಿಗೆ ಹತ್ತರ ಬದಲು ಆರರಂತೆ ಬರೆಯಿರಿ ಎಂದು ಹೇಳುವುದಕ್ಕೆ ಕಾರಣವಿದೆ: ಮೊದಲ ಸಾಲನ್ನು ಬಿಟ್ಟರೆ ಅವಿಭಾಜ್ಯಗಳು ಒಂದನೆಯ ಮತ್ತು ಐದನೆಯ ಕಂಬಗಳಲ್ಲಿ ಮಾತ್ರ ಬೀಳುತ್ತವೆ, ಉಳಿದ ನಾಲ್ಕು ಕಂಬಗಳನ್ನು ಉದ್ದಕ್ಕೆ ಗೆರೆ ಎಳೆದು ತೆಗೆದುಬಿಡಬಹುದು.

ಇನ್ನು ಭಾಗಿಸದೆಯೇ ಉತ್ತರ ಕೊಡುವ ನಿಯಮಗಳು. ಮೂರೂ ಸಂಖ್ಯೆಗಳು 1ರಲ್ಲಿ ಕೊನೆಗೊಳ್ಳುವುದರಿಂದ 2 ಮತ್ತು 5ರ ಮಾತೇ ಇಲ್ಲ. ಅಂಕಗಳ ಮೊತ್ತ ಕ್ರಮವಾಗಿ 20, 25, 26 ಆಗುವುದರಿಂದ 3 ಕೂಡ ಭಾಗಿಸುವುದಿಲ್ಲ. 7, 11, 13ಕ್ಕೆ ಶಾಲೆಯಲ್ಲಿ ಬೇರೆ ಬೇರೆ ನಿಯಮಗಳನ್ನು ಕಲಿಸುತ್ತಾರಾದರೂ ಮೂರನ್ನೂ ಒಟ್ಟಿಗೆ ನೋಡುವ ಉಪಾಯ ನನಗೆ ಹೆಚ್ಚು ಮೆಚ್ಚುಗೆ. 7, 11, 13ರ ಗುಣಲಬ್ಧ 1001. ಹೀಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಗಳ ಗುಂಪುಗಳಾಗಿ ಒಡೆದು, ಒಂದು ಗುಂಪಿನಿಂದ ಇನ್ನೊಂದನ್ನು ಕಳೆದು, ಬಂದ ವ್ಯತ್ಯಾಸವನ್ನು ಪರೀಕ್ಷಿಸಿದರೆ ಇಡೀ ಸಂಖ್ಯೆಯನ್ನು ಪರೀಕ್ಷಿಸಿದಂತೆಯೇ ಆಗುತ್ತದೆ. ದಾವಣಗೆರೆಗೆ 577ರಲ್ಲಿ 1 ಕಳೆದರೆ 576, ಚಿತ್ರದುರ್ಗಕ್ಕೆ 577ರಲ್ಲಿ 501 ಕಳೆದರೆ 76, ಹರಿಹರಕ್ಕೆ 601ರಲ್ಲಿ 577 ಕಳೆದರೆ 24. ಈ ಮೂರರಲ್ಲಿ ಒಂದನ್ನೂ 7 ಆಗಲಿ, 11 ಆಗಲಿ, 13 ಆಗಲಿ ನಿಃಶೇಷವಾಗಿ ಭಾಗಿಸದು. ಅದೇ ಗುಂಪುಗಳನ್ನು ಕಳೆಯುವ ಬದಲು ಕೂಡಿದರೆ 37ರ ಪರೀಕ್ಷೆಯೂ ಆಗುತ್ತದೆ, ಏಕೆಂದರೆ 999 ಎಂಬುದು 27 ಮತ್ತು 37ರ ಗುಣಲಬ್ಧ. 578, 1078, 1178 ಎಂಬ ಮೊತ್ತಗಳು 37ಕ್ಕೂ ಜಗ್ಗುವುದಿಲ್ಲ.

ಇಲ್ಲಿಂದ ಮುಂದೆ ಭಾಗಾಕಾರ ಅನಿವಾರ್ಯ. ಆದರೂ ಮೂರು ಸಂಖ್ಯೆಗಳಿಗೆ ಮೂರು ಸಲ ಭಾಗಿಸಬೇಕಾದ್ದಿಲ್ಲ. 577000ವನ್ನು ಒಮ್ಮೆ ಭಾಗಿಸಿ ಶೇಷವನ್ನು ಬರೆದುಕೊಂಡು, ಅದಕ್ಕೆ 1, 501, 601ನ್ನು ಕೂಡಿ, ಆ ಚಿಕ್ಕ ಮೊತ್ತಗಳನ್ನು ಮತ್ತೆ ಅದೇ ಭಾಜಕದಿಂದ ಭಾಗಿಸಿದರೆ ಮೂರರ ಶೇಷವೂ ಸಿಗುತ್ತದೆ. 17ರಿಂದ ಭಾಗಿಸಿದಾಗ 577000ಕ್ಕೆ ಶೇಷ 3 ಉಳಿಯುತ್ತದೆ. ಆದ್ದರಿಂದ ದಾವಣಗೆರೆಗೆ 4, ಚಿತ್ರದುರ್ಗಕ್ಕೆ 504ರ ಶೇಷವಾದ 11, ಹರಿಹರಕ್ಕೆ 604ರ ಶೇಷವಾದ 9. 19ರಿಂದ ಭಾಗಿಸಿದರೆ ಕ್ರಮವಾಗಿ 9, 15, 1. ಬಳಿಕ 23ರ ಸರದಿ. 23ನ್ನು 25086ರಿಂದ ಗುಣಿಸಿದರೆ 576978, ಅಂದರೆ 577000ಕ್ಕೆ ಶೇಷ 22. ಅದಕ್ಕೆ ಒಂದು ಕೂಡಿದರೆ 23 ಆಗಿ ಶೇಷವೇ ಉಳಿಯುವುದಿಲ್ಲ. ದಾವಣಗೆರೆಯ ಸಂಖ್ಯೆ ಒಂಬತ್ತನೆಯ ಅವಿಭಾಜ್ಯಕ್ಕೇ ಒಡೆಯಿತು:

577001 = 23 × 25087.

ಕೆಲಸ ಇಲ್ಲಿಗೆ ಮುಗಿದಿಲ್ಲ, 25087ರ ಬಗೆ ಇನ್ನೂ ತಿಳಿಯಬೇಕು. 158ರ ವರ್ಗ 24964, 159ರ ವರ್ಗ 25281. ಹಾಗಾಗಿ 157ರವರೆಗೆ ನೋಡಿದರೆ ಸಾಕು. 23ಕ್ಕಿಂತ ಚಿಕ್ಕ ಅವಿಭಾಜ್ಯಗಳು ಮೂಲ ಸಂಖ್ಯೆಯನ್ನೇ ಭಾಗಿಸದಿದ್ದ ಮೇಲೆ ಅದರ ಅಪವರ್ತನವನ್ನೂ ಭಾಗಿಸಲಾರವು. 23ನ್ನು ಮಾತ್ರ ಇನ್ನೊಮ್ಮೆ ನೋಡಬೇಕು, ಅದರ ವರ್ಗವೇ ಅಡಗಿರಬಹುದು. ಹೀಗೆ 23ರಿಂದ 157ರವರೆಗಿನ 29 ಅವಿಭಾಜ್ಯಗಳಿಂದ ಭಾಗಿಸಿದಾಗ ಯಾವುದರಲ್ಲೂ ಶೇಷ ಸೊನ್ನೆಯಾಗುವುದಿಲ್ಲ. 37ರಲ್ಲಿಯೂ 113ರಲ್ಲಿಯೂ ಶೇಷ 1 ಉಳಿದು ಆಸೆ ಹುಟ್ಟಿಸುತ್ತದೆ, ಆದರೆ ಅದು ನೆರೆಯ ಸಂಖ್ಯೆಯ ಗುಣ: 25086 ಎಂಬುದು 2, 3, 37, 113ರ ಗುಣಲಬ್ಧ. ಇನ್ನೊಂದು ಪಕ್ಕದ 25088 ಎಂಬುದು 512 ಮತ್ತು 49ರ ಗುಣಲಬ್ಧವಾಗಿ 2 ಮತ್ತು 7ರ ಹೊರತು ಬೇರೆ ಅವಿಭಾಜ್ಯವನ್ನೇ ಅರಿಯದು. ಅಷ್ಟು ಸುಲಭವಾಗಿ ಒಡೆಯುವ ಎರಡರ ನಡುವೆ 25087 ಒಡೆಯದೆ ನಿಂತಿದೆ.

ಚಿತ್ರದುರ್ಗದ ಸಂಖ್ಯೆಯ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಮೊದಲ ಸಲ ಕುಳಿತಾಗ 577501ನ್ನು 757ರವರೆಗೂ ಭಾಗಿಸಿ, ಎರಡು ಸಂಜೆಗಳನ್ನು ಕಳೆದು, ಅದು ಅವಿಭಾಜ್ಯವೆಂದು ಬರೆದಿಟ್ಟಿದ್ದೆ. ಏಳು ಸುತ್ತಿನ ಕೋಟೆಯ ಊರಿನ ಸಂಖ್ಯೆ ಒಡೆಯದಿರುವುದೇ ಸರಿ ಎಂದು ಒಳಗೊಳಗೇ ಒಪ್ಪಿಕೊಂಡಿದ್ದೆನೋ ಏನೋ. ಕೆಲವು ದಿನಗಳ ನಂತರ ಅದೇ ಹಾಳೆಯನ್ನು ತಿರುವುವಾಗ ಭಾಜಕದ ಕಂಬದಲ್ಲಿ 271 ಎಂದೂ ಅದರ ಎದುರು ಶೇಷದ ಕಂಬದಲ್ಲಿ 271 ಎಂದೂ ಬರೆದಿರುವುದು ಕಣ್ಣಿಗೆ ಬಿತ್ತು. 271ನ್ನು 2130ರಿಂದ ಗುಣಿಸಿ 577230 ಪಡೆದು, ಕಳೆದು, ಉಳಿದ 271ನ್ನು ಹಾಗೆಯೇ ಶೇಷವೆಂದು ಬರೆದು 277ಕ್ಕೆ ಹೋಗಿಬಿಟ್ಟಿದ್ದೆ. ಶೇಷವು ಭಾಜಕಕ್ಕಿಂತ ಚಿಕ್ಕದಿರಬೇಕೆಂಬುದು ಪ್ರಾಥಮಿಕ ಶಾಲೆಯ ಪಾಠ. ಭಾಗಲಬ್ಧ 2130 ಅಲ್ಲ, 2131.

577501 = 271 × 2131.

271 ಎಂಬುದು 58ನೆಯ ಅವಿಭಾಜ್ಯ. 2131ರ ವರ್ಗಮೂಲ 46ರ ಆಸುಪಾಸಿನಲ್ಲಿರುವುದರಿಂದ, ಮೂಲ ಸಂಖ್ಯೆಯನ್ನು 271ಕ್ಕಿಂತ ಚಿಕ್ಕ ಯಾವ ಅವಿಭಾಜ್ಯವೂ ಭಾಗಿಸದೆಂದು ಆಗಲೇ ನೋಡಿಯಾಗಿರುವುದರಿಂದ, 2131 ಅವಿಭಾಜ್ಯವೆಂದು ಬೇರೆ ಲೆಕ್ಕವಿಲ್ಲದೆ ಹೇಳಬಹುದು. ಅಂದಿನಿಂದ ಶೇಷದ ಕಂಬ ಮುಗಿದ ಮೇಲೆ ಅದನ್ನು ಭಾಜಕದ ಕಂಬದೊಡನೆ ಒಮ್ಮೆ ತಾಳೆ ನೋಡುತ್ತೇನೆ, ಸಿಕ್ಕ ಅಪವರ್ತನಗಳನ್ನು ಒಂಬತ್ತರ ಲೆಕ್ಕದಿಂದಲೂ ಪರೀಕ್ಷಿಸುತ್ತೇನೆ: 271ರ ಅಂಕಗಳನ್ನು ಕೂಡುತ್ತ ಹೋದರೆ 1, 2131ರದ್ದು 7, ಇವೆರಡರ ಗುಣಲಬ್ಧ 7, 577501ರ ಅಂಕಗಳ ಮೊತ್ತ 25, ಅದರದ್ದು 7. ಹೊಂದಿಕೆಯಾಯಿತು. ಈ ಹೊಂದಿಕೆ ಉತ್ತರ ಸರಿಯೆಂದು ಸಾಧಿಸುವುದಿಲ್ಲ, ಆದರೆ ಹೊಂದದಿದ್ದರೆ ತಪ್ಪೆಂಬುದಂತೂ ಖಚಿತ.

ವರ್ಗಗಳ ವ್ಯತ್ಯಾಸದಿಂದ ಅಪವರ್ತನ ಹುಡುಕುವ, ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಕ್ರಮವನ್ನು ಹೊಗಳುವವರಿದ್ದಾರೆ. 760, 761, 762 ಎಂದು ಏರುತ್ತ, ಪ್ರತಿಯೊಂದರ ವರ್ಗದಿಂದ ಸಂಖ್ಯೆಯನ್ನು ಕಳೆದು, ಉಳಿದದ್ದು ಪೂರ್ಣ ವರ್ಗವೇ ಎಂದು ನೋಡುವುದು ಅದರ ಬಗೆ. ಅಪವರ್ತನಗಳೆರಡೂ ವರ್ಗಮೂಲದ ಅಕ್ಕಪಕ್ಕದಲ್ಲಿದ್ದರೆ ಅದು ಬಹಳ ಚುರುಕು. 577599ಕ್ಕೆ ಮೊದಲ ಹೆಜ್ಜೆಯಲ್ಲೇ 1 ಉಳಿದು 759 × 761 ಎಂಬ ಉತ್ತರ ಬರುತ್ತದೆ. ಚಿತ್ರದುರ್ಗದ ಸಂಖ್ಯೆಗೆ ಮಾತ್ರ ಅದನ್ನು ಬಳಸಬೇಡಿ. ಅದು 1201ರ ವರ್ಗದಿಂದ 930ರ ವರ್ಗವನ್ನು ಕಳೆದಾಗ ಬರುವ ಸಂಖ್ಯೆಯಾದ್ದರಿಂದ 760ರಿಂದ 1201ರವರೆಗೆ 442 ಹೆಜ್ಜೆ ನಡೆಯಬೇಕಾಗುತ್ತದೆ. 58 ಭಾಗಾಕಾರಗಳ ಮುಂದೆ ಅದು ದಂಡದ ದಾರಿ.

ಉಳಿದದ್ದು ಹರಿಹರದ 577601, ನನ್ನ ಮಟ್ಟಿಗೆ ಮೂರರಲ್ಲಿ ಅತ್ಯಂತ ಸ್ವಾರಸ್ಯದ ಸಂಖ್ಯೆ. ಅದು 760ರ ವರ್ಗಕ್ಕೆ 1 ಕೂಡಿದಾಗ ಬರುವುದು. ಇಂಥ ಸಂಖ್ಯೆಯನ್ನು, 4ರಿಂದ ಭಾಗಿಸಿದಾಗ ಶೇಷ 3 ಉಳಿಯುವ ಯಾವ ಅವಿಭಾಜ್ಯವೂ ಭಾಗಿಸಲಾರದು. ಏಕೆಂಬುದನ್ನು 23ರ ಉದಾಹರಣೆಯಿಂದ ನೋಡೋಣ. 23 ಈ ಸಂಖ್ಯೆಯನ್ನು ಭಾಗಿಸುತ್ತದೆ ಎಂದು ಒಂದು ಕ್ಷಣ ಒಪ್ಪಿಕೊಂಡರೆ, 760ರ ವರ್ಗವನ್ನು 23ರಿಂದ ಭಾಗಿಸಿದಾಗ ಸೊನ್ನೆಗೆ ಒಂದು ಕಡಿಮೆ, ಅಂದರೆ ಋಣ 1, ಶೇಷವಾಗಿ ಉಳಿಯಬೇಕು. ಆ ವರ್ಗವನ್ನು 11 ಸಲ ಗುಣಿಸಿ 760ರ 22ನೆಯ ಘಾತವನ್ನು ಪಡೆದರೆ, 11 ಬೆಸವಾದ್ದರಿಂದ ಶೇಷ ಋಣ 1 ಆಗಿಯೇ ಇರುತ್ತದೆ. ಆದರೆ ಫರ್ಮಾ 1640ರಲ್ಲಿ ಹೇಳಿದ ಪ್ರಮೇಯದ ಪ್ರಕಾರ, 23 ಎಂಬ ಅವಿಭಾಜ್ಯವು ಭಾಗಿಸದ ಯಾವುದೇ ಸಂಖ್ಯೆಯ 22ನೆಯ ಘಾತಕ್ಕೆ ಶೇಷ ಧನ 1 ಬರಬೇಕು. ಎರಡೂ ಒಟ್ಟಿಗೆ ನಿಜವಾಗಲಾರವು, ಆದ್ದರಿಂದ ಮೊದಲ ಊಹೆಯೇ ಸುಳ್ಳು. 22ರ ಅರ್ಧ ಬೆಸವಾದ್ದೇ ಇಲ್ಲಿನ ಗುಟ್ಟು, ಮತ್ತು 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯಗಳಿಗೆಲ್ಲ ಇದು ಹೀಗೆಯೇ. ಪರಿಣಾಮವಾಗಿ 134ರ ಪಟ್ಟಿಯಿಂದ 2 ಮತ್ತು ಇಂಥ 70 ಅವಿಭಾಜ್ಯಗಳು ಒಮ್ಮೆಲೇ ಹೊರಬಿದ್ದು, 5, 13, 17, 29, 37 ಎಂದು ಮುಂದುವರಿಯುವ 63 ಮಾತ್ರ ಉಳಿಯುತ್ತವೆ.

ಈ 63ಕ್ಕೂ ಆರಂಕಿಯ ಭಾಗಾಕಾರ ಬೇಕಿಲ್ಲ. 760ನ್ನೇ ಭಾಗಿಸಿ, ಬಂದ ಶೇಷವನ್ನು ವರ್ಗ ಮಾಡಿ, ಒಂದು ಕೂಡಿದರಾಯಿತು. 109ರ ಏಳರಷ್ಟು 763, ಅದಕ್ಕಿಂತ 760 ಮೂರು ಕಡಿಮೆ. 3ರ ವರ್ಗ 9, ಒಂದು ಕೂಡಿ 10, ಆದ್ದರಿಂದ 109 ಭಾಗಿಸದು. 257ರ ಮೂರರಷ್ಟು 771, ಅದಕ್ಕೆ 11 ಕಡಿಮೆ; 121ಕ್ಕೆ ಒಂದು ಕೂಡಿ 122, ಭಾಗಿಸದು. ಹೀಗೆ ಬಹುಪಾಲು ಭಾಜಕಗಳು ಬಾಯಿಲೆಕ್ಕದಲ್ಲೇ ಮುಗಿಯುತ್ತವೆ. 733ರ ಹತ್ತಿರ ಉಸಿರು ಬಿಗಿಹಿಡಿಯುವಂತಾಗುತ್ತದೆ: 760 ಅದಕ್ಕಿಂತ 27 ಹೆಚ್ಚು, 27ರ ವರ್ಗಕ್ಕೆ ಒಂದು ಕೂಡಿದರೆ 730, ಮೂರೇ ಮೂರು ಕಡಿಮೆ. ಕೊನೆಯ 757ಕ್ಕೆ 760 ಮೂರು ಹೆಚ್ಚಾಗಿ ಮತ್ತೆ ಅದೇ 10. ಅರುವತ್ಮೂರರಲ್ಲಿ ಯಾವುದೂ ಭಾಗಿಸುವುದಿಲ್ಲವಾದ್ದರಿಂದ 577601 ಅವಿಭಾಜ್ಯ. ಒಂದು ವರ್ಗಕ್ಕೆ 1 ಕೂಡಿದಾಗ ಬರುವ ಇಂಥ ಅವಿಭಾಜ್ಯಗಳು ಅನಂತವಾಗಿವೆಯೇ ಎಂಬುದನ್ನು ಎಡ್ಮಂಡ್ ಲಾಂಡೌ 1912ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ನಾಲ್ಕು ಕಠಿಣ ಪ್ರಶ್ನೆಗಳಲ್ಲಿ ಒಂದಾಗಿ ಮುಂದಿಟ್ಟರು. ಇಂದಿಗೂ ಅದನ್ನು ಯಾರೂ ಸಾಧಿಸಿಲ್ಲ.

ಎರಡು ವರ್ಗಗಳ ಮೊತ್ತದ ಪ್ರಶ್ನೆಗೆ ಉತ್ತರ ಈಗ ತಾನಾಗಿಯೇ ಸಿಗುತ್ತದೆ. ಮೂರೂ ಸಂಖ್ಯೆಗಳನ್ನು 4ರಿಂದ ಭಾಗಿಸಿದರೆ ಶೇಷ 1 ಉಳಿಯುವುದರಿಂದ ಮೇಲ್ನೋಟಕ್ಕೆ ಮೂರಕ್ಕೂ ಅವಕಾಶವಿರುವಂತೆ ತೋರುತ್ತದೆ. ಆದರೆ 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯವೊಂದು ಸಂಖ್ಯೆಯಲ್ಲಿ ಬೆಸ ಸಲ ಬಂದರೆ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು ಎಂಬುದು ನಿಯಮ. ದಾವಣಗೆರೆಯಲ್ಲಿ 23, ಚಿತ್ರದುರ್ಗದಲ್ಲಿ 271 ಅಂಥವು. ಹರಿಹರದ ಸಂಖ್ಯೆಗೆ 760 ಮತ್ತು 1ರ ವರ್ಗಗಳ ಒಂದೇ ಒಂದು ಜೋಡಿಯಿದೆ, ಅವಿಭಾಜ್ಯಕ್ಕೆ ಎರಡನೆಯ ಜೋಡಿ ಇರುವಂತೆಯೂ ಇಲ್ಲ. ಹರಿ ಮತ್ತು ಹರ ಒಂದೇ ವಿಗ್ರಹದಲ್ಲಿ ಕೂಡಿರುವ ಊರಿಗೆ ಇದು ಒಪ್ಪುವ ಗುಣವೆಂದು ನನಗೆ ಅನ್ನಿಸಿದ್ದುಂಟು, ಆದರೆ ಅದು ಕಾಕತಾಳೀಯ.

ಅಪವರ್ತನಗಳು ಕೈಗೆ ಬಂದ ಮೇಲೆ ಉಳಿದ ಗುಣಗಳು ನಿಮಿಷದ ಕೆಲಸ. 577001ಕ್ಕೆ 1, 23, 25087 ಮತ್ತು ಅದೇ ಸಂಖ್ಯೆ ಹೀಗೆ ನಾಲ್ಕು ಭಾಜಕಗಳು. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 25111 ಆಗಿ ಸಂಖ್ಯೆಗಿಂತ ಬಹಳ ಕಡಿಮೆಯಿರುವುದರಿಂದ ಅದು ನ್ಯೂನ ಸಂಖ್ಯೆ. ಅದರೊಡನೆ ಸಹ-ಅವಿಭಾಜ್ಯವಾಗಿರುವ, ಅಂದರೆ 1ರ ಹೊರತು ಬೇರೆ ಸಾಮಾನ್ಯ ಭಾಜಕವಿಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳೆಷ್ಟು ಎಂದರೆ 22 ಮತ್ತು 25086ರ ಗುಣಲಬ್ಧ, 551892. ಚಿತ್ರದುರ್ಗಕ್ಕೆ ಅದೇ ಲೆಕ್ಕ 270 ಮತ್ತು 2130ರ ಗುಣಲಬ್ಧವಾಗಿ 575100. ಈ ಕೊನೆಯ ಎಣಿಕೆ ಬರಿಯ ಕುತೂಹಲದ್ದಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ರೂಪಿಸಿದ ಗೂಢಲಿಪಿ ಕ್ರಮವು ನಿಂತಿರುವುದೇ ಅದರ ಮೇಲೆ: ಎರಡು ಅವಿಭಾಜ್ಯಗಳು ಗೊತ್ತಿದ್ದರೆ ಅದು ಕ್ಷಣದ ಲೆಕ್ಕ, ಗುಣಲಬ್ಧ ಮಾತ್ರ ಗೊತ್ತಿದ್ದರೆ ಮೊದಲು ಅದನ್ನು ಒಡೆಯಬೇಕು. 271 × 2131ನ್ನು ಒಡೆಯಲು ನನಗೆ ಎರಡು ಸಂಜೆ ಮತ್ತು ಒಂದು ತಪ್ಪು ಬೇಕಾಯಿತು. ಅಂತರ್ಜಾಲದಲ್ಲಿ ಬಳಕೆಯಲ್ಲಿರುವ 2048 ಬಿಟ್‌ಗಳ ಸಂಖ್ಯೆಗೆ 617 ಅಂಕಗಳಿರುತ್ತವೆ.

ಮೂರಕ್ಕೂ ಸಾಮಾನ್ಯವಾದ 577ರ ಬಗ್ಗೆ ಒಂದು ಮಾತು. ಅದು ಸ್ವತಃ ಅವಿಭಾಜ್ಯ. ಯಜ್ಞವೇದಿಗಳ ಅಳತೆಯನ್ನು ಹೇಳುವ ಪ್ರಾಚೀನ ಗ್ರಂಥವಾದ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣವನ್ನು ಪಡೆಯಲು ಬಾಹುವಿಗೆ ಅದರ ಮೂರನೆಯ ಒಂದು ಭಾಗವನ್ನು, ಆ ಭಾಗದ ನಾಲ್ಕನೆಯ ಒಂದನ್ನು ಕೂಡಿಸಿ, ಕೊನೆಗೆ ಅದರ ಮೂವತ್ನಾಲ್ಕನೆಯ ಒಂದು ಭಾಗವನ್ನು ಕಳೆಯಬೇಕೆಂದು ಹೇಳಿದೆ. ಲೆಕ್ಕ ಹಾಕಿದರೆ ಬರುವುದು 577/408. ಅದು 1.414215 ಆಗಿ 2ರ ವರ್ಗಮೂಲವಾದ 1.414213ಕ್ಕೆ ಐದು ದಶಮಾಂಶ ಸ್ಥಾನಗಳವರೆಗೆ ಸರಿಹೊಂದುತ್ತದೆ. 577ರ ವರ್ಗ 332929, 408ರ ವರ್ಗದ ಇಮ್ಮಡಿ 332928, ವ್ಯತ್ಯಾಸ ಒಂದೇ.

ಸಂಖ್ಯೆ ಹನ್ನೆರಡು ಅಂಕಗಳದ್ದಾದರೆ ಈ ದಾರಿ ಮುಚ್ಚುತ್ತದೆ, ಏಕೆಂದರೆ 10 ಲಕ್ಷದೊಳಗೆ 78,498 ಅವಿಭಾಜ್ಯಗಳಿವೆ. ಆಗ ಕಂಪ್ಯೂಟರನ್ನೇ ನೆಚ್ಚಬೇಕು. ಫರ್ಮಾನ ಪ್ರಮೇಯವನ್ನೇ ತಿರುಗಿಸಿ ಪರೀಕ್ಷೆಯಾಗಿ ಬಳಸುವವರು ಎಚ್ಚರದಿಂದಿರಬೇಕು: 2ನ್ನು ಬಳಸಿ ಪರೀಕ್ಷಿಸಿದರೆ 11 × 31 ಆಗಿರುವ 341 ಕೂಡ ಉತ್ತೀರ್ಣವಾಗುತ್ತದೆ, 561ಕ್ಕಂತೂ ಅದರೊಡನೆ ಸಹ-ಅವಿಭಾಜ್ಯವಾದ ಯಾವ ಸಂಖ್ಯೆಯನ್ನು ಬಳಸಿದರೂ ಅದು ಅವಿಭಾಜ್ಯದಂತೆಯೇ ನಟಿಸುತ್ತದೆ. ಅವಿಭಾಜ್ಯವಲ್ಲದ ಯಾವ ಸಂಖ್ಯೆಗೂ ಮೋಸಹೋಗದ, ಅಂಕಗಳು ಹೆಚ್ಚಿದಂತೆ ಶ್ರಮ ಹಿಡಿತ ಮೀರದ ಪರೀಕ್ಷೆಯನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಕೊಟ್ಟರು, ಆದರೆ ದಿನಬಳಕೆಯಲ್ಲಿ ಅದಕ್ಕಿಂತ ವೇಗದ ಮಿಲ್ಲರ್–ರಾಬಿನ್ ಪರೀಕ್ಷೆಯೇ ಹೆಚ್ಚು ಚಾಲ್ತಿಯಲ್ಲಿದೆ.

ಅಭ್ಯಾಸಕ್ಕೆ ನೆರೆಯ ಊರುಗಳಿವೆ. ಚಿಕ್ಕಮಗಳೂರಿನ 577101 ಅಂಕಗಳ ಮೊತ್ತಕ್ಕೂ 1001ರ ಉಪಾಯಕ್ಕೂ ಕೂಡಲೇ ಸೋತು 3 × 7 × 27481 ಆಗುತ್ತದೆ. ಶಿವಮೊಗ್ಗದ 577201 ಆ ಉಪಾಯಗಳನ್ನೆಲ್ಲ ದಾಟಿ ಬಂದು, 17 ಮತ್ತು 19ಕ್ಕೆ ಬೆನ್ನುಬೆನ್ನಿಗೆ ಸಿಕ್ಕಿ 17 × 19 × 1787 ಆಗುತ್ತದೆ. ಚಳ್ಳಕೆರೆಯ 577522 ಸಮಸಂಖ್ಯೆಯಾದ್ದರಿಂದ ಮೊದಲು 2 ಹೊರಬರುತ್ತದೆ, 577ರಲ್ಲಿ 522 ಕಳೆದರೆ 55 ಉಳಿಯುವುದರಿಂದ 11 ಕೂಡ. ಉಳಿಯುವ 26251ನ್ನು 157ರವರೆಗೆ ಮಾತ್ರ ಪರೀಕ್ಷಿಸಿದರೆ ಸಾಕು, ಏಕೆಂದರೆ ಮುಂದಿನ ಅವಿಭಾಜ್ಯವಾದ 163ರ ವರ್ಗ 26569. ಶೇಷದ ಕಂಬದಲ್ಲಿ ಸೊನ್ನೆಯಾಗಲಿ ಭಾಜಕವೇ ಆಗಲಿ ಬರದಿದ್ದರೆ ನಿಮ್ಮ ಲೆಕ್ಕ ಸರಿಯಿದೆ, 26251 ಅವಿಭಾಜ್ಯ.